ಫೈರ್‌ವಾಲ್ ಆಫ್ ಮಾಡಿದರೆ ಮಾತ್ರ ನೆಟ್ ಬರುತ್ತೆ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮನೆ ಇಂಟರ್‌ನೆಟ್ ಬಗ್ಗೆಯೇ ಇವೆ. ಅದರಲ್ಲೂ ದಾವಣಗೆರೆ, ಚಿತ್ರದುರ್ಗದ ಕಡೆಯವು ಒಂದೇ ರಾಗ ಹಾಡುತ್ತಿವೆ. ನೆಟ್ ಕೊಡುವವರ ಲಾಗಿನ್ ಸಾಫ್ಟ್‌ವೇರಿಗೂ ಕಂಪ್ಯೂಟರಿಗೆ ನೆಟ್‌ನಿಂದ ಬಂದು ಹೋಗುವುದನ್ನು ಕಾಯುವ ಫೈರ್‌ವಾಲಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ. ಮೊಬೈಲ್ ಬ್ಯಾಟರಿ ಬಗ್ಗೆ ಕೇಳಿದವರು ಮುಂದಿನ ಸಂಚಿಕೆ ತನಕ ಸ್ವಲ್ಪ ತಡೆದುಕೊಳ್ಳಿ.

ಪ್ರಶ್ನೆ: ಮನೆಯಲ್ಲೇ ಕೂತು ಏಳೆಂಟು ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತೇನೆ. ನಮ್ಮ ಏರಿಯಾದ ಕೇಬಲ್‌ನವರ ಹತ್ತಿರ ನೆಟ್ ತಗೊಂಡಿದ್ದೇವೆ. ಅವರದೊಂದು ಲಾಗಿನ್ ಸಾಫ್ಟ್‌ವೇರ್ ಇದೆ, ಅದರಲ್ಲಿ ಹೆಸರು, ಪಾಸ್‌ವರ್ಡ್ ಹಾಕಿದ ಮೇಲೇ ನೆಟ್ ಬರೋದು. ಎರಡು ತಿಂಗಳ ಹಿಂದೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಿದೆ, ಅದರ ಜೊತೆ ಅವರದೇ ಫೈರ್‌ವಾಲೂ ಬಂತು. ಅವತ್ತಿನಿಂದ ಲಾಗಿನ್ ಆಗುತ್ತದೆ, ಐದಾರು ನಿಮಿಷಕ್ಕೆ ತಾನಾಗಿಯೇ ಲಾಗ್‌ಔಟ್ ಆಗುತ್ತದೆ. ರಿಟರ್ನ್ ತುಂಬುತ್ತಾ ಕೂತಾಗ ಅರ್ಧಕ್ಕೆ ಹೋದರೆ ಹೇಗಿರುತ್ತೆ ಹೇಳಿ. ಲೈನ್ ಹುಡುಗನನ್ನು ಕರೆಸಿದೆ. ಅವನು ಎರಡೇ ನಿಮಿಷದಲ್ಲಿ ಫೈರ್‌ವಾಲ್ ಆಫ್ ಮಾಡಿ ‘ಏನೂ ಆಗಲ್ರೀ ಮೇಡಂ, ಹಿಂಗೇ ಇರ್ಲಿ ಬಿಡ್ರಿ’ ಅಂದು ಹೋದ. ಈಗ ನೆಟ್ ಚೆನ್ನಾಗಿದೆ. ಆದರೆ ಈ ಕಂಪ್ಯೂಟರಿನಲ್ಲಿ ಎಲ್ಲರ ಪ್ಯಾನ್ ನಂಬರ್, ಬ್ಯಾಂಕ್ ವಿವರ ಇದೆ. ಕೆಳಗೆ ಮೂಲೆಯಲ್ಲಿ ಆ ಕೆಂಪು ಗುರುತು ಕಂಡಾಗೆಲ್ಲ ಎದೆ ಧಸಕ್ ಅನ್ನುತ್ತೆ. ನಮ್ಮ ಮನೆಯವರು ‘ನೆಟ್ ಬರ್ತಿದೆಯಲ್ಲ, ಸುಮ್ನಿರು’ ಅಂತಾರೆ. ಸುಮ್ಮನಿರಲೇ?
(ಗೃಹಿಣಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಸುಮ್ಮನಿರಬೇಡಿ. ಮನೆಯವರಿಗೆ ಈ ಪುಟ ತೋರಿಸಿ. ಮತ್ತೆ ಒಂದು ಮಾತು, ಮನೆಯಲ್ಲಿ ಕೂತು ಏಳೆಂಟು ಅಂಗಡಿ ಲೆಕ್ಕ ನೋಡುವವರು ‘ಗೃಹಿಣಿ’ ಅಂತ ಮಾತ್ರ ಯಾಕೆ ಬರೆದುಕೊಂಡಿರಿ?

ಲೈನ್ ಹುಡುಗನನ್ನು ನಾನು ಬೈಯುವುದಿಲ್ಲ. ಅವನಿಗೆ ಅವತ್ತು ಇನ್ನೂ ಹತ್ತು ಮನೆ ಇರುತ್ತೆ, ಬಿಸಿಲಲ್ಲಿ ಕಂಬ ಹತ್ತಿ ಬಂದಿರುತ್ತಾನೆ, ನೆಟ್ ಬಂದರೆ ಅವನ ಕೆಲಸ ಮುಗಿಯಿತು. ಆದರೆ ಅವನು ಮಾಡಿದ್ದು ರಿಪೇರಿ ಅಲ್ಲ. ಬೀಗ ಬಿಗಿಯಾಗಿದೆ ಅಂತ ಬಾಗಿಲನ್ನೇ ಕಿತ್ತು ಪಕ್ಕಕ್ಕಿಟ್ಟು ಹೋಗಿದ್ದಾನೆ.

ನೀವೇ ಒಂದು ಒಳ್ಳೆ ಸುಳಿವು ಕೊಟ್ಟಿದ್ದೀರಿ. ಲಾಗಿನ್ ಆಗುತ್ತದೆ, ಆಮೇಲೆ ಹೋಗುತ್ತದೆ ಅಂದಿರಲ್ಲ, ಅದು. ಫೈರ್‌ವಾಲ್ ಪೂರ್ತಿ ಅಡ್ಡ ನಿಂತಿದ್ದರೆ ಲಾಗಿನ್ನೇ ಆಗುತ್ತಿರಲಿಲ್ಲ. ಈ ಲಾಗಿನ್ ಸಾಫ್ಟ್‌ವೇರುಗಳು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತವೆ. ಹೆಸರು, ಪಾಸ್‌ವರ್ಡ್ ಒಯ್ದು ಅವರ ಸರ್ವರಿಗೆ ಕೊಡುವುದು ಮೊದಲನೆಯದು. ಅದಾದ ಮೇಲೆ ಸ್ವಲ್ಪ ಸ್ವಲ್ಪ ಹೊತ್ತಿಗೆ ‘ಇದ್ದೇನೆ’ ಅಂತ ಹೇಳುತ್ತಿರುವುದು ಎರಡನೆಯದು. ಶಾಲೆಯಲ್ಲಿ ಹಾಜರಿ ಕೂಗುತ್ತಾರಲ್ಲ, ಹಾಗೆ. ಕೆಲವು ಸಾಫ್ಟ್‌ವೇರುಗಳು ತಾವೇ ಕೈಯೆತ್ತುತ್ತವೆ. ಇನ್ನು ಕೆಲವು ಕಡೆ ಸರ್ವರ್ ಹೆಸರು ಕೂಗುತ್ತೆ, ಇಲ್ಲಿಂದ ಉತ್ತರ ಹೋಗಬೇಕು. ಎರಡು ಮೂರು ಸಲ ಕೂಗಿದರೂ ‘ಎಸ್ ಸಾರ್’ ಕೇಳಿಸದಿದ್ದರೆ ಈ ಮನೆಯವರು ಕಂಪ್ಯೂಟರ್ ಆಫ್ ಮಾಡಿ ಹೋದರು ಅಂದುಕೊಂಡು ಸರ್ವರ್ ಲೈನ್ ಕಟ್ ಮಾಡುತ್ತೆ. ನಿಮ್ಮ ಐದಾರು ನಿಮಿಷದ ಲೆಕ್ಕ ನೋಡಿದರೆ ಇದೇ ಇರಬೇಕು ಅನಿಸುತ್ತದೆ.

ಇಷ್ಟು ದಿನ ಇಲ್ಲದ್ದು ಈಗ ಯಾಕೆ ಅಂದರೆ, ವಿಂಡೋಸ್ ಜೊತೆ ಬರುವ ಫೈರ್‌ವಾಲ್ ಸ್ವಲ್ಪ ಸಾಧು. ಅದನ್ನು ಬಂದ ಹಾಗೇ ಬಿಟ್ಟರೆ ಒಳಗಿನಿಂದ ಹೊರಗೆ ಹೋಗುವವರನ್ನು ತಡೆಯಲ್ಲ, ಕರೆಯದೆ ಹೊರಗಿನಿಂದ ಬಂದವರನ್ನು ಮಾತ್ರ ತಡೆಯುತ್ತೆ. ದುಡ್ಡು ಕೊಟ್ಟು ಹಾಕಿಸುವ ಫೈರ್‌ವಾಲುಗಳಲ್ಲಿ ಕೆಲವು ಹೊರಗೆ ಹೋಗುವವರನ್ನೂ ನಿಲ್ಲಿಸಿ ವಿಚಾರಿಸುತ್ತವೆ. ಹೊಸ ಪ್ರೋಗ್ರಾಂ ಹೊರಟರೆ ‘ಇವನನ್ನು ಬಿಡಲೋ ಬೇಡವೋ’ ಅಂತ ಇಂಗ್ಲಿಷಿನಲ್ಲಿ ಒಂದು ಸಣ್ಣ ಕಿಟಕಿ ಮೂಲೆಯಲ್ಲಿ ತೆರೆದುಕೊಳ್ಳುತ್ತೆ. ನಾವು ಯಾವುದೋ ಅವಸರದಲ್ಲಿ ಇರುತ್ತೇವೆ, ಒಲೆ ಮೇಲೆ ಹಾಲಿರುತ್ತೆ, ‘ಬ್ಲಾಕ್’ ಒತ್ತಿಬಿಡುತ್ತೇವೆ. ಅದನ್ನು ಅದು ಮರೆಯುವುದೇ ಇಲ್ಲ. ಇನ್ನೊಂದು ರೀತಿಯೂ ಇದೆ. ಲಾಗಿನ್ ಸಾಫ್ಟ್‌ವೇರ್ ರಾತ್ರೋರಾತ್ರಿ ತಾನೇ ಅಪ್‌ಡೇಟ್ ಆಗುತ್ತೆ, ಹೆಸರು ಅದೇ, ಫೈಲ್ ಬೇರೆ. ಫೈರ್‌ವಾಲ್ ಕಣ್ಣಿಗೆ ಅದು ಹೊಸಬ, ಗುರುತಿಲ್ಲ.

ಈಗ ಹೀಗೆ ಮಾಡಿ. ಮೊದಲು ಫೈರ್‌ವಾಲ್ ಆನ್ ಮಾಡಿ. ಆಮೇಲೆ ಆಂಟಿವೈರಸ್ ತೆರೆದು ಫೈರ್‌ವಾಲ್ ಭಾಗದಲ್ಲಿ ಪ್ರೋಗ್ರಾಂಗಳ ಪಟ್ಟಿ ಎಲ್ಲಿದೆ ನೋಡಿ. ಅದರಲ್ಲಿ ಲಾಗಿನ್ ಸಾಫ್ಟ್‌ವೇರಿನ ಹೆಸರು ಒಂದೋ ಎರಡೋ ಕಡೆ ಇರುತ್ತೆ. ಎಲ್ಲವನ್ನೂ ಅಳಿಸಿ. ತಿದ್ದಲು ಹೋಗಬೇಡಿ, ಅಳಿಸಿ. ಹಳೆಯದು ಒಂದು ಉಳಿದರೂ ಅದೇ ಕಾಲಿಗೆ ತೊಡರುತ್ತೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಲಾಗಿನ್ ಮಾಡಿ, ಮತ್ತೆ ಕಿಟಕಿ ಬಂದು ಕೇಳಿದರೆ ಈ ಸಲ ನಿಧಾನವಾಗಿ ಓದಿ ‘ಅಲೋ’ ಒತ್ತಿ. ಕೇಳದಿದ್ದರೆ ಆ ಪಟ್ಟಿಗೆ ನೀವೇ ಸೇರಿಸಿ, ಒಳಬರುವುದು, ಹೊರಹೋಗುವುದು ಎರಡಕ್ಕೂ ಒಪ್ಪಿಗೆ ಕೊಡಿ. ಒಂದು ಪ್ರೋಗ್ರಾಮಿಗೆ ಮಾತ್ರ, ಎಲ್ಲಕ್ಕೂ ಅಲ್ಲ.

ಅಲ್ಲಿ ‘ಪ್ರೈವೇಟ್’, ‘ಪಬ್ಲಿಕ್’ ಅಂತ ಎರಡು ನೆಟ್‌ವರ್ಕ್ ಹೆಸರು ಕಾಣುತ್ತವೆ. ನಮ್ಮ ಮನೆ ಅಲ್ವಾ ಅಂತ ಎಲ್ಲರೂ ಪ್ರೈವೇಟ್ ಒತ್ತುತ್ತಾರೆ. ನಿಮ್ಮ ಕೇಬಲ್ ನೇರ ಕಂಪ್ಯೂಟರಿಗೇ ಬರುತ್ತಿದ್ದರೆ ಅದು ತಪ್ಪು. ಆ ವೈರಿನ ಆಚೆ ತುದಿಯಲ್ಲಿ ಕೇಬಲ್‌ನವರ ಸ್ವಿಚ್ (ಹಲವು ಮನೆಗಳ ವೈರ್ ಸೇರಿಸುವ ಡಬ್ಬಿ) ಇದೆ, ಆ ಸ್ವಿಚ್ಚಿಗೆ ಬೀದಿಯ ಬೇರೆ ಮನೆಗಳೂ ಸೇರಿರುತ್ತವೆ. ಒಬ್ಬರಿಗೊಬ್ಬರು ಕಾಣದ ಹಾಗೆ ಅವರು ಬೇರೆ ಮಾಡಿಟ್ಟಿದ್ದರೆ ಸರಿ, ಮಾಡಿರದಿದ್ದರೆ ನೀವು ಹಂಚಿಟ್ಟ ಫೋಲ್ಡರ್ ಎದುರುಮನೆಯ ಹುಡುಗನಿಗೂ ಕಾಣಬಹುದು. ಹಾಗಾಗಿ ಆ ಲೈನ್ ಪಬ್ಲಿಕ್ ಆಗಿಯೇ ಇರಲಿ. ಲಾಗಿನ್ ಸಾಫ್ಟ್‌ವೇರಿಗೆ ಕೊಡುವ ಒಪ್ಪಿಗೆ ಪಬ್ಲಿಕ್‌ಗೂ ಸೇರಿರಲಿ. ಬಹಳ ಜನ ಎಡವುವುದು ಇಲ್ಲೇ. ಒಪ್ಪಿಗೆ ಪ್ರೈವೇಟ್‌ಗೆ ಕೊಟ್ಟಿರುತ್ತಾರೆ, ಲೈನ್ ಪಬ್ಲಿಕ್ ಆಗಿರುತ್ತೆ, ‘ಎಲ್ಲ ಟಿಕ್ ಮಾಡಿದೀನಿ ಆದ್ರೂ ಬರ್ತಿಲ್ಲ’ ಅಂತ ತಲೆ ಚಚ್ಚಿಕೊಳ್ಳುತ್ತಾರೆ.

ಇಷ್ಟಾದರೂ ಸರಿಹೋಗದಿದ್ದರೆ ಲೈನ್ ಹುಡುಗನನ್ನು ಬಿಟ್ಟು ಅವರ ಆಫೀಸಿಗೇ ಫೋನ್ ಮಾಡಿ. ‘ನಿಮ್ಮ ಸಾಫ್ಟ್‌ವೇರ್ ಯಾವ ಪೋರ್ಟಿನಲ್ಲಿ, ಯಾವ ಸರ್ವರ್ ಜೊತೆ ಮಾತಾಡುತ್ತೆ’ ಅಂತ ಕೇಳಿ. (ಪೋರ್ಟ್ ಅಂದರೆ ನೆಟ್ ಸಂಚಾರಕ್ಕೆ ಕಂಪ್ಯೂಟರಿನಲ್ಲಿರುವ ನಂಬರ್ ಹಾಕಿದ ಬಾಗಿಲು.) ಹೇಳಿದರೆ ಒಳ್ಳೆಯದು, ಆ ಒಂದು ವಿಳಾಸಕ್ಕೆ ಮಾತ್ರ ದಾರಿ ಬಿಟ್ಟರೆ ಸಾಕು. ‘ಪೋರ್ಟ್ ಅಂದ್ರೇನ್ರೀ’ ಅಂತ ಅವರೇ ತಿರುಗಿ ಕೇಳಿದರೆ ಇನ್ನೊಂದು ಪ್ರಶ್ನೆ ಕೇಳಿ, ನಿಜ ಹೇಳಬೇಕೆಂದರೆ ನಾನು ಮೊದಲೇ ಕೇಳಿ ಅನ್ನಬೇಕಿದ್ದ ಪ್ರಶ್ನೆ ಇದು: ‘ನಿಮ್ಮಲ್ಲಿ ಪಿಪಿಪಿಓಇ ಇದೆಯಾ?’

ಹೆಸರು ವಿಚಿತ್ರ, ವಿಷಯ ಸರಳ. ಹೆಸರು, ಪಾಸ್‌ವರ್ಡ್ ಕೊಟ್ಟು ಮನೆ ಲೈನಿನಲ್ಲಿ ನೆಟ್‌ಗೆ ಸೇರುವುದಕ್ಕೆ 1999ರಲ್ಲೇ ಬಂದ ಕ್ರಮ ಅದು. 2001ರ ವಿಂಡೋಸ್ ಎಕ್ಸ್‌ಪಿಯಿಂದ ವಿಂಡೋಸ್ ಒಳಗೇ ಅದಕ್ಕೆ ಬೇಕಾದ್ದು ಇದೆ, ಬೇರೆ ಸಾಫ್ಟ್‌ವೇರೇ ಬೇಡ. ಅದಕ್ಕಿಂತ ಚೆನ್ನ, ಆ ಕೆಲಸ ರೌಟರಿಗೆ ಕೊಟ್ಟುಬಿಡುವುದು. ಸಾಧಾರಣ ರೌಟರ್ ಒಂದೆರಡು ಸಾವಿರದೊಳಗೆ ಸಿಗುತ್ತದೆ. ಹೆಸರು, ಪಾಸ್‌ವರ್ಡನ್ನು ಅದರೊಳಗೆ ಒಮ್ಮೆ ಬರೆದಿಟ್ಟರೆ ಕರೆಂಟ್ ಹೋಗಿ ಬಂದಾಗಲೆಲ್ಲ ಅದೇ ಲಾಗಿನ್ ಆಗುತ್ತೆ, ಹಾಜರಿ ಹೇಳುವುದೂ ಅದರದೇ ಕೆಲಸ. ಕಂಪ್ಯೂಟರಿನ ಫೈರ್‌ವಾಲ್ ಎಷ್ಟು ಬಿಗಿಯಾಗಿದ್ದರೂ ಜಗಳವೇ ಇಲ್ಲ, ಯಾಕೆಂದರೆ ಜಗಳ ಆಡುತ್ತಿದ್ದ ಸಾಫ್ಟ್‌ವೇರ್ ಮನೆಯಲ್ಲೇ ಇರಲ್ಲ. ಜೊತೆಗೆ ಹೊರಗಿನಿಂದ ತಾನಾಗಿ ನುಗ್ಗುವವರಿಗೆ ರೌಟರ್ ಇನ್ನೊಂದು ಗೋಡೆ.

ರೌಟರ್ ಹಾಕಿದ ದಿನ ಬಹುಶಃ ನೆಟ್ ಬರಲ್ಲ, ಗಾಬರಿ ಆಗಬೇಡಿ. ಕೆಲವು ಕೇಬಲ್‌ನವರು ನಿಮ್ಮ ಕಂಪ್ಯೂಟರಿನ ಮ್ಯಾಕ್ ನಂಬರ್ (ಅದರ ಲ್ಯಾನ್ ಕಾರ್ಡಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ಅದಕ್ಕೆ ಮಾತ್ರ ಲೈನ್ ಕೊಟ್ಟಿರುತ್ತಾರೆ. ‘ರೌಟರ್ ಹಾಕಿದ್ದೇವೆ, ಮ್ಯಾಕ್ ಬದಲಾಯಿಸಿ’ ಅಂತ ಫೋನ್ ಮಾಡಿದರೆ ಮಾಡಿಕೊಡುತ್ತಾರೆ. ರೌಟರ್ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡನ್ನು ಅವತ್ತೇ ಬದಲಾಯಿಸಿ, ಮರೆಯಬೇಡಿ.

‘ಏನೂ ಆಗಲ್ಲ’ ಅನ್ನುವುದರ ಬಗ್ಗೆ ಒಂದು ಹಳೆಯ ಕಥೆ. 2003ರ ಆಗಸ್ಟ್. ಬ್ಲಾಸ್ಟರ್ ಅನ್ನುವ ವರ್ಮ್, ಅಂದರೆ ತಾನಾಗಿಯೇ ಹರಡುವ ವೈರಸ್, ಓಡಾಡಿದ ತಿಂಗಳು. ಆಗ ನಾನು ಮೇಲ್ ನೋಡೋಕೆ ದಾವಣಗೆರೆಯ ಒಂದು ಸೈಬರ್ ಸೆಂಟರಿಗೆ ಹೋಗುತ್ತಿದ್ದೆ. ಕೂತಿದ್ದ ಹಾಗೇ ಪರದೆ ಮೇಲೆ ಪೆಟ್ಟಿಗೆ ಬಂದು 60, 59, 58 ಅಂತ ಎಣಿಸಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತಿತ್ತು. ಯಾರೂ ಯಾವ ಫೈಲೂ ತೆರೆದಿರಲಿಲ್ಲ, ಯಾವ ಕೆಟ್ಟ ಸೈಟಿಗೂ ಹೋಗಿರಲಿಲ್ಲ. ನೆಟ್‌ಗೆ ಸೇರಿದ್ದೇ ತಪ್ಪು. ತೆರೆದಿದ್ದ ಒಂದು ಪೋರ್ಟಿನಿಂದ ಅದು ತಾನೇ ಒಳಗೆ ಬರುತ್ತಿತ್ತು. ವಿಚಿತ್ರ ಏನೆಂದರೆ ಎಕ್ಸ್‌ಪಿಯಲ್ಲಿ ಆಗಲೇ ಫೈರ್‌ವಾಲ್ ಇತ್ತು, ಆದರೆ ಆಫ್ ಆಗಿರುತ್ತಿತ್ತು. ಮರುವರ್ಷ, 2004ರ ಆಗಸ್ಟಿನಲ್ಲಿ ಬಂದ ಸರ್ವಿಸ್ ಪ್ಯಾಕ್ 2ರಿಂದ ಅದು ಮೊದಲೇ ಆನ್ ಆಗಿ ಬರತೊಡಗಿತು. ಅಷ್ಟೆಲ್ಲ ಪೆಟ್ಟು ತಿಂದ ಮೇಲೆ ಆನ್ ಆದದ್ದನ್ನು ಎರಡು ನಿಮಿಷದಲ್ಲಿ ಆಫ್ ಮಾಡಿ ಹೋಗುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ಒಂದು ಫೈರ್‌ವಾಲ್ ಇದ್ದರೇ ಇಷ್ಟು ಭದ್ರ ಅಂದಮೇಲೆ ಎರಡು ಹಾಕಿದರೆ ಇನ್ನೂ ಒಳ್ಳೆಯದಲ್ವಾ?
(ಓದುಗರು, ಹಿರಿಯೂರು)

ಉತ್ತರ: ಒಂದೇ ಕಂಪ್ಯೂಟರಿನಲ್ಲಿ ಎರಡು ಬೇಡ. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತೆ, ಯಾರು ಹಿಡಿದರು ಅಂತ ಹುಡುಕುವಷ್ಟರಲ್ಲಿ ಸಂಜೆಯಾಗುತ್ತೆ. ಸರಿಯಾದ ಫೈರ್‌ವಾಲ್ ಹಾಕಿದರೆ ವಿಂಡೋಸಿನದು ತಾನೇ ಪಕ್ಕಕ್ಕೆ ಸರಿಯುತ್ತದೆ. ರೌಟರಿನಲ್ಲಿ ಒಂದು, ಕಂಪ್ಯೂಟರಿನಲ್ಲಿ ಒಂದು ಇರಬಹುದು, ಇರಲೇಬೇಕು. ಅವು ಬೇರೆ ಬೇರೆ ಬಾಗಿಲು ಕಾಯುತ್ತವೆ. ಮತ್ತೆ ಆಂಟಿವೈರಸ್ ಅವಧಿ ಮುಗಿಯಿತು ಅಂತ ತೆಗೆದುಹಾಕಿದ ಮೇಲೆ ವಿಂಡೋಸಿನ ಫೈರ್‌ವಾಲ್ ವಾಪಸ್ ಆನ್ ಆಗಿದೆಯಾ ಅಂತ ಒಮ್ಮೆ ಕಣ್ಣಾಡಿಸಿ.

ಪ್ರಶ್ನೆ: ಕನೆಕ್ಟ್ ಒತ್ತಿದರೆ ‘ಎರರ್ 651’ ಬರುತ್ತೆ. ಕಂಪ್ಯೂಟರ್ ಅಂಗಡಿಯವರು ಫೈರ್‌ವಾಲ್ ಪ್ರಾಬ್ಲಂ, ಫಾರ್ಮ್ಯಾಟ್ ಮಾಡಬೇಕು ಅಂತಾರೆ. ಮಾಡಿಸಲೇ?
(ಕಿರಾಣಿ ವ್ಯಾಪಾರಿ, ನಿಟುವಳ್ಳಿ, ದಾವಣಗೆರೆ)

ಉತ್ತರ: ಬೇಡ, ದುಡ್ಡು ಉಳಿಸಿ. 651 ಅಂದರೆ ‘ಕೂಗಿದೆ, ಆ ಕಡೆಯಿಂದ ಯಾರೂ ಓಗೊಡಲಿಲ್ಲ’ ಅಂತ. ಮೇಲೆ ಹೇಳಿದ ಪಿಪಿಪಿಓಇಯಲ್ಲಿ ಮೊದಲ ಕೂಗು ಐಪಿ ವಿಳಾಸ (ನೆಟ್‌ನಲ್ಲಿ ನಿಮ್ಮ ಕಂಪ್ಯೂಟರಿನ ವಿಳಾಸದ ನಂಬರ್) ಸಿಗುವ ಮುಂಚೆಯೇ ವೈರಿನ ಮೇಲೆ ಹೋಗುತ್ತದೆ. ಫೈರ್‌ವಾಲುಗಳು ನೋಡುವುದು ಸಾಮಾನ್ಯವಾಗಿ ಐಪಿ ಸಂಚಾರವನ್ನು. ಇದು ಅವುಗಳ ಕಣ್ಣಿಗೇ ಬೀಳಲ್ಲ. ಮೊದಲು ಗೋಡೆ ಮೇಲಿನ ಫೈಬರ್ ಡಬ್ಬಿ ನೋಡಿ. ಅದರಲ್ಲಿ ‘ಎಲ್‌ಓಎಸ್’ ಅಂತ ಬರೆದ ದೀಪ ಕೆಂಪಾಗಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ, ಎಲ್ಲೋ ಇಲಿ ಕಡಿದಿರುತ್ತೆ ಇಲ್ಲಾ ಯಾರೋ ರಸ್ತೆ ಅಗೆದಿರುತ್ತಾರೆ. ದೀಪ ಸರಿಯಿದ್ದರೆ ಅದೇ ವೈರನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿ ನೋಡಿ. ಅದರಲ್ಲೂ 651 ಬಂದರೆ ಕೇಬಲ್‌ನವರ ಕಡೆಯ ತೊಂದರೆ.

ಬೇರೆ ಲ್ಯಾಪ್‌ಟಾಪಿನಲ್ಲಿ ನೆಟ್ ಬಂದು ನಿಮ್ಮದರಲ್ಲಿ ಮಾತ್ರ ಬರದಿದ್ದರೆ ಆಗ ಒಂದು ಅನುಮಾನ ಇಟ್ಟುಕೊಳ್ಳಬಹುದು. ಹಳೆಯ ಆಂಟಿವೈರಸ್ ತೆಗೆದಾಗ ಅದರ ತುಣುಕೊಂದು ಲ್ಯಾನ್ ಕಾರ್ಡಿಗೆ ಅಂಟಿಕೊಂಡು ಉಳಿದಿರುತ್ತೆ. ನೆಟ್‌ವರ್ಕ್ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದರೆ ಉದ್ದ ಪಟ್ಟಿ ಕಾಣುತ್ತೆ, ಅದರಲ್ಲಿ ಆ ಹಳೆಯ ಕಂಪನಿ ಹೆಸರಿದ್ದರೆ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ರೀಸೆಟ್’ ಇದೆ, ಅದನ್ನು ಒತ್ತಿ. ಆಮೇಲೆ ವೈಫೈ ಪಾಸ್‌ವರ್ಡ್, ಕನೆಕ್ಷನ್ ಎಲ್ಲ ಹೊಸದಾಗಿ ಹಾಕಬೇಕು, ಮೊದಲೇ ಬರೆದಿಟ್ಟುಕೊಳ್ಳಿ. ಅಂದ ಹಾಗೆ 651 ಬದಲು 691 ಬಂದರೆ ಹೆಸರು, ಪಾಸ್‌ವರ್ಡ್ ಒಪ್ಪಿಗೆ ಆಗಿಲ್ಲ ಅಂತ. ಟೈಪ್ ಮಾಡುವಾಗ ತಪ್ಪಿರಬಹುದು, ರೀಚಾರ್ಜ್ ಮುಗಿದಿದ್ದರೂ ಅದೇ ಬರಬಹುದು. ಅದಕ್ಕೂ ಫಾರ್ಮ್ಯಾಟ್ ಮಾಡಿಸಿದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಕೋಟೆ ಊರಿನವನು. ಓಬವ್ವನ ಕಿಂಡಿ ನೋಡುತ್ತಾ ಬೆಳೆದವರಿಗೆ ಸಣ್ಣ ಕಿಂಡಿಯ ಅಪಾಯ ಬೇರೆಯವರು ಹೇಳಿಕೊಡಬೇಕಿಲ್ಲ. ಒಂದು ವಿಡಿಯೋ ನೋಡಿ ನನ್ನ ಸೆಕ್ಯುರಿಟಿ ಸಾಫ್ಟ್‌ವೇರಿನಲ್ಲಿ ‘ಐಸಿಎಂಪಿ’ ಪೂರ್ತಿ ಬಂದ್ ಮಾಡಿದೆ. ಅದೇ ವಿಡಿಯೋದಲ್ಲಿ ಸ್ಪೀಡ್ ಜಾಸ್ತಿ ಆಗುತ್ತೆ ಅಂದರು ಅಂತ ರೌಟರಿನಲ್ಲಿ ‘ಎಂಟಿಯು’ ಅನ್ನುವುದನ್ನು 1492ರಿಂದ 1500 ಮಾಡಿದೆ. ಈಗ ಪತ್ರಿಕೆ ಓದಲು ಬರುತ್ತೆ, ಹಾಡು ಬರುತ್ತೆ, ಬ್ಯಾಂಕಿನ ಪುಟ ಮಾತ್ರ ಬಿಳಿ ಬಿಳಿಯಾಗಿ ನಿಲ್ಲುತ್ತದೆ. ಮಗಳಿಗೆ ಫೋಟೋ ಮೇಲ್ ಮಾಡಿದರೆ ಹೋಗುವುದಿಲ್ಲ, ಬರೀ ಪತ್ರವಾದರೆ ಹೋಗುತ್ತದೆ. ಇದೇನು ಮಾಯೆ?
(ಓದುಗರು, ಚಿತ್ರದುರ್ಗ)

ಉತ್ತರ: ಮೇಷ್ಟ್ರೇ, ಈ ಸಲದ ಪತ್ರಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ನಿಮ್ಮದು. ಏನೇನು ಮಾಡಿದಿರಿ ಅಂತ ಒಂದೂ ಬಿಡದೆ ಬರೆದಿದ್ದೀರಿ. ಬೇರೆಯವರು ‘ಏನೂ ಮಾಡಿಲ್ಲ, ತಾನಾಗೇ ಹಾಳಾಯ್ತು’ ಅಂತಲೇ ಶುರು ಮಾಡುತ್ತಾರೆ.

ಕೋಟೆಯ ಲೆಕ್ಕದಲ್ಲೇ ಹೇಳುತ್ತೇನೆ, ಆದರೆ ಕಿಂಡಿ ಬಿಟ್ಟು ಹೆಬ್ಬಾಗಿಲಿಗೆ ಬನ್ನಿ. ನೆಟ್‌ನಲ್ಲಿ ಹೋಗುವ ಮಾಹಿತಿಯೆಲ್ಲ ಗಾಡಿ ಗಾಡಿಯಾಗಿ ಹೋಗುತ್ತದೆ. ಒಂದು ಗಾಡಿ ಎಷ್ಟು ದೊಡ್ಡದಿರಬಹುದು ಅನ್ನುವುದೇ ಎಂಟಿಯು. ಮಾಮೂಲಿ ಲ್ಯಾನ್ ವೈರಿನಲ್ಲಿ ಅದು 1500 ಬೈಟ್. ನಿಮ್ಮದು ಪಿಪಿಪಿಓಇ ಲೈನ್, ಅದು ಪ್ರತಿ ಗಾಡಿಯ ಮೇಲೂ ತನ್ನದೊಂದು 8 ಬೈಟಿನ ಚೀಟಿ ಅಂಟಿಸುತ್ತೆ. 1500ರಲ್ಲಿ 8 ಹೋದರೆ 1492. ನಿಮ್ಮ ರೌಟರಿನಲ್ಲಿ ಆ ಸಂಖ್ಯೆ ಇದ್ದದ್ದು ಅದಕ್ಕೇ, ಸ್ಪೀಡಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ನೀವು ಬಾಗಿಲು ಅಗಲ ಮಾಡಲಿಲ್ಲ, ‘ಬಾಗಿಲು 1500 ಅಗಲ’ ಅಂತ ಬೋರ್ಡ್ ಬದಲಾಯಿಸಿದಿರಿ ಅಷ್ಟೇ. ಬರೀ ಪತ್ರ ಸಣ್ಣ ಗಾಡಿ, ನುಸುಳಿ ಹೋಗುತ್ತೆ. ಫೋಟೋ ತುಂಬಿದ ಗಾಡಿ ಸಿಕ್ಕಿಹಾಕಿಕೊಳ್ಳುತ್ತೆ.

ಹಾಗೆ ಸಿಕ್ಕಿಹಾಕಿಕೊಂಡಾಗ ಬಾಗಿಲ ಕಾವಲಿನವನು ತಿರುಗಿ ಕೂಗಿ ಹೇಳುತ್ತಾನೆ, ‘ಹೊರೆ ದೊಡ್ಡದಾಯಿತು, ಸಣ್ಣದು ಮಾಡಿ ತನ್ನಿ’ ಅಂತ. ಕಳಿಸಿದವರು ಸಣ್ಣದು ಮಾಡಿ ಕಳಿಸುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ. ಆ ಕೂಗು ಬರುವುದೇ ಐಸಿಎಂಪಿಯಲ್ಲಿ. ನೀವು ಅದನ್ನು ಪೂರ್ತಿ ಬಂದ್ ಮಾಡಿ ಕಾವಲಿನವನ ಬಾಯಿಗೆ ಬಟ್ಟೆ ತುರುಕಿದ್ದೀರಿ. ಗಾಡಿ ನಿಂತಿದೆ, ಯಾರಿಗೂ ಸುದ್ದಿ ಇಲ್ಲ. ಬ್ಯಾಂಕಿನ ಪುಟ ಬಿಳಿಯಾಗಿ ನಿಲ್ಲುವುದೂ ಇದೇ ಜಾತಿಯದು, ಅಲ್ಲಿ ಗಾಡಿ ಆ ಕಡೆಯಿಂದ ಈ ಕಡೆ ಬರುತ್ತಿರುತ್ತೆ. ಆ ಕಡೆಯ ಫೈರ್‌ವಾಲೂ ನಿಮ್ಮ ಹಾಗೇ ಕಾವಲಿನವನ ಮಾತು ಕೇಳಿಸಿಕೊಳ್ಳದಿದ್ದರೆ ಕಥೆ ಅಲ್ಲಿಗೇ ನಿಂತಿತು.

ರೌಟರಿನಲ್ಲಿ ವಾಪಸ್ 1492 ಮಾಡಿ, ಐಸಿಎಂಪಿ ಪೂರ್ತಿ ಬಂದ್ ಮಾಡಿದ್ದನ್ನು ತೆಗೆಯಿರಿ. ಹೊರಗಿನವರು ಪಿಂಗ್ ಮಾಡಿದರೆ (‘ಇದ್ದೀಯಾ’ ಅಂತ ಕೂಗಿ ನೋಡಿದರೆ) ಉತ್ತರ ಕೊಡಬಾರದು ಅನ್ನುವಷ್ಟೇ ಬೇಕಿದ್ದರೆ ರೌಟರಿನಲ್ಲಿ ಅದಕ್ಕೆ ಬೇರೆ ಗುಂಡಿ ಇರುತ್ತೆ, ಅದನ್ನು ಇಟ್ಟುಕೊಳ್ಳಿ, ತೊಂದರೆ ಇಲ್ಲ. ಆಮೇಲೆ ಪರೀಕ್ಷೆ ಮಾಡಿ ನೋಡುವ ಆಸೆ ಇದ್ದರೆ, ಮೇಷ್ಟ್ರಲ್ವಾ ಇದ್ದೇ ಇರುತ್ತೆ, ‘ತುಂಡು ಮಾಡಬೇಡ’ ಅನ್ನುವ ಷರತ್ತು ಹಾಕಿ 1464 ಬೈಟಿನ ಪಿಂಗ್ ಕಳಿಸಿ. ಅದರ ಮೇಲೆ 28 ಬೈಟ್ ವಿಳಾಸದ ಭಾಗ ಸೇರಿ ಸರಿಯಾಗಿ 1492 ಆಗುತ್ತದೆ, ಹೋಗಿ ಬರುತ್ತೆ. 1472 ಕಳಿಸಿದರೆ 1500 ಆಗುತ್ತೆ, ಹೋಗುವುದಿಲ್ಲ.

ಪ್ರಶ್ನೆ: ಪಿಜಿಯ ವೈಫೈಗೆ ಸೇರಿದ ಮೇಲೆ ಲಾಗಿನ್ ಪುಟ ಬರಬೇಕು, ಬರಲ್ಲ. ಬೇರೆ ಹುಡುಗಿಯರ ಫೋನಿನಲ್ಲಿ ಬರುತ್ತೆ. ನನ್ನ ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ಇಲ್ಲ. ಸೇಫ್ ಇರಲಿ ಅಂತ ನಾನು ವಿಪಿಎನ್, ಪ್ರೈವೇಟ್ ಡಿಎನ್‌ಎಸ್ ಎಲ್ಲ ಹಾಕಿಕೊಂಡಿದ್ದೀನಿ.
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಉತ್ತರ ನಿನ್ನ ಕೊನೆಯ ವಾಕ್ಯದಲ್ಲೇ ಇದೆ ಕಣಮ್ಮ. ಲಾಗಿನ್ ಪುಟ ಬರುವುದು ಒಂದು ಸಣ್ಣ ಮೋಸದಿಂದ. ನೀನು ಯಾವುದೋ ಸೈಟ್ ಕೇಳುತ್ತೀಯ, ಪಿಜಿಯ ಡಬ್ಬಿ ನಡುವೆ ಬಾಯಿ ಹಾಕಿ ತನ್ನ ಪುಟ ಕೊಡುತ್ತೆ. ಪ್ರೈವೇಟ್ ಡಿಎನ್‌ಎಸ್ (ಸೈಟಿನ ವಿಳಾಸ ಕೇಳುವುದನ್ನು ಗುಟ್ಟಾಗಿಡುವುದು), ವಿಪಿಎನ್ (ನೆಟ್ ಸಂಚಾರವನ್ನೆಲ್ಲ ಮುಚ್ಚಿದ ಕೊಳವೆಯಲ್ಲಿ ಕಳಿಸುವುದು) ಇರುವುದೇ ಇಂಥ ನಡುವೆ ಬಾಯಿ ಹಾಕುವವರನ್ನು ತಡೆಯೋಕೆ. ಅವು ಅವುಗಳ ಕೆಲಸ ಚೆನ್ನಾಗೇ ಮಾಡುತ್ತಿವೆ. ಲಾಗಿನ್ ಆಗುವ ತನಕ ಎರಡನ್ನೂ ಆಫ್ ಮಾಡು, ಆದ ಮೇಲೆ ಆನ್ ಮಾಡು. ಪುಟ ಆಗಲೂ ಬರದಿದ್ದರೆ ‘https’ ಅಂತ ಶುರುವಾಗುವ ಸೈಟುಗಳನ್ನು ಟೈಪ್ ಮಾಡುತ್ತಾ ಕೂರಬೇಡ, ಅವುಗಳಲ್ಲಿ ನಡುವೆ ಬಾಯಿ ಹಾಕೋಕೆ ಆಗಲ್ಲ. ವೈಫೈ ವಿವರದಲ್ಲಿ ‘ಗೇಟ್‌ವೇ’ ಅಂತ ಒಂದು ನಂಬರ್ ಇರುತ್ತೆ, ಅದನ್ನೇ ಬ್ರೌಸರಿನಲ್ಲಿ ಹಾಕಿ ನೋಡು, ಬಹಳ ಕಡೆ ಅಲ್ಲೇ ಸಿಗುತ್ತೆ.

ದಿನಾ ಹೊಸದಾಗಿ ಲಾಗಿನ್ ಕೇಳುತ್ತಿದ್ದರೆ ಫೋನಿನಲ್ಲಿ ‘ರ‍್ಯಾಂಡಮ್ ಮ್ಯಾಕ್’ ಆನ್ ಇದೆಯಾ ನೋಡು, ಆನ್ ಇದ್ದರೆ ಫೋನ್ ಬೇರೆ ಬೇರೆ ಮ್ಯಾಕ್ ನಂಬರ್ ತೋರಿಸಿ ಪಿಜಿಯ ಡಬ್ಬಿಗೆ ಹೊಸಬನಂತೆ ಕಾಣಬಹುದು. ಆ ಒಂದು ವೈಫೈಗೆ ಮಾತ್ರ ಅದನ್ನು ಆಫ್ ಮಾಡಬಹುದು. ಲ್ಯಾಪ್‌ಟಾಪಿನಲ್ಲಿ ಪಿಜಿ ವೈಫೈ ಪಬ್ಲಿಕ್ ಆಗಿಯೇ ಇರಲಿ. ಅಲ್ಲಿ ನಲವತ್ತು ಜನ ಇರುತ್ತೀರಿ.

ಪ್ರಶ್ನೆ: ಅಡಿಕೆ ಗೋಡೌನಿಗೆ ಸಿಸಿ ಕ್ಯಾಮೆರಾ ಹಾಕಿಸಿದ್ದೇನೆ. ಅಲ್ಲೇ ಕೂತರೆ ಫೋನಿನಲ್ಲಿ ಕಾಣುತ್ತೆ, ದಾವಣಗೆರೆಗೆ ಬಂದರೆ ಕಾಣಲ್ಲ. ಹಾಕಿದವನು ರೌಟರಿನ ಫೈರ್‌ವಾಲ್ ತೆಗೆದು ‘ಡಿಎಂಜೆಡ್’ ಅಂತ ಏನೋ ಆನ್ ಮಾಡಿದ. ಆದರೂ ಇಲ್ಲ.
(ಓದುಗರು, ಚನ್ನಗಿರಿ)

ಉತ್ತರ: ಡಿಎಂಜೆಡ್ ಅಂದರೆ ಹೊರಗಿನಿಂದ ಬಂದದ್ದನ್ನೆಲ್ಲ ನೇರ ಒಂದು ಯಂತ್ರಕ್ಕೆ ಬಿಟ್ಟುಬಿಡುವುದು. ಅದನ್ನು ಇವತ್ತೇ ಆಫ್ ಮಾಡಿಸಿ, ಫೈರ್‌ವಾಲ್ ಆನ್ ಮಾಡಿಸಿ. ಆಮೇಲೆ ರೌಟರ್ ಒಳಗೆ ‘ವ್ಯಾನ್ ಐಪಿ’, ಅಂದರೆ ಹೊರಗಿನ ಕಡೆಯ ವಿಳಾಸ, ಏನಿದೆ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮಗೆ ಸ್ವಂತ ಹೊರವಿಳಾಸವೇ ಇಲ್ಲ. ಒಂದೇ ವಿಳಾಸವನ್ನು ನೆಟ್ ಕಂಪನಿ ಬಹಳ ಜನಕ್ಕೆ ಹಂಚಿದೆ. ಹಳೆಯ ಮಾದರಿ ವಿಳಾಸಗಳು ಸಾಲದೆ ಬಂದ ಏರ್ಪಾಡು ಇದು, ಆ ನಂಬರುಗಳನ್ನು ಇದಕ್ಕೆಂದೇ 2012ರಲ್ಲಿ ಎತ್ತಿಟ್ಟರು. ವಠಾರದ ಒಂದೇ ಹೆಬ್ಬಾಗಿಲಿನ ಹಾಗೆ. ನಿಮ್ಮ ಮನೆ ಬಾಗಿಲು ಎಷ್ಟು ತೆರೆದಿಟ್ಟರೂ ಹೆಬ್ಬಾಗಿಲಲ್ಲಿ ಬಂದವರಿಗೆ ದಾರಿ ಗೊತ್ತಾಗಲ್ಲ. ನೆಟ್‌ನವರ ಹತ್ತಿರ ಸ್ಟ್ಯಾಟಿಕ್ ಐಪಿ (ನಿಮಗೇ ಅಂತ ಬದಲಾಗದ ಸ್ವಂತ ವಿಳಾಸ) ಕೇಳಬಹುದು, ಸಾಮಾನ್ಯವಾಗಿ ಅದಕ್ಕೆ ಬೇರೆ ದುಡ್ಡು. ಅದಕ್ಕಿಂತ ಸುಲಭ ಕ್ಯಾಮೆರಾ ಕಂಪನಿಯ ಆ್ಯಪ್. ಕ್ಯಾಮೆರಾ ಒಳಗಿನಿಂದ ತಾನೇ ಹೊರಗೆ ಹೋಗಿ ಅವರ ಸರ್ವರ್ ಸೇರುತ್ತೆ, ಫೈರ್‌ವಾಲ್ ಮುಟ್ಟಬೇಕಾಗಿಯೇ ಇಲ್ಲ. ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡ್ ಬದಲಾಯಿಸಿದ್ದೀರಾ? ಇಲ್ಲ ಅಂತ ನನಗೆ ಗೊತ್ತು. ಬದಲಾಯಿಸಿ.

ಪ್ರಶ್ನೆ: ‘ನಿಮ್ಮ ಇಂಟರ್‌ನೆಟ್ ಕಂಪನಿಯಿಂದ’ ಅಂತ ಹಿಂದಿಯಲ್ಲಿ ಫೋನ್. ಫೈರ್‌ವಾಲ್ ಆಫ್ ಮಾಡಿ, ಒಂದು ಆ್ಯಪ್ ಹಾಕಿ, ಸ್ಕ್ರೀನ್ ತೋರಿಸಿ ಅಂದರು. ನಾನು ಕಟ್ ಮಾಡಿದೆ. ನಿಜವಾಗಿಯೂ ಕಂಪನಿಯವರೇ ಆಗಿದ್ದರೆ?
(ಓದುಗರು, ಹರಿಹರ)

ಉತ್ತರ: ಕಟ್ ಮಾಡಿದ್ದು ಸರಿ. ಅನುಮಾನ ಇದ್ದರೆ ಬಿಲ್ಲಿನ ಮೇಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಯಾರಾದರೂ ಸ್ಕ್ರೀನ್ ತೋರಿಸಿ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಈ ಪುಟ ಅಚ್ಚಿಗೆ ಹೋಗುವ ಮುಂಚೆ ಮೊದಲ ಪ್ರಶ್ನೆಯ ವಿದ್ಯಾನಗರದವರಿಗೆ ಉತ್ತರ ಮೊದಲೇ ಕಳಿಸಿದ್ದೆವು, ರಿಟರ್ನ್ ಕಟ್ಟುವ ದಿನ ಹತ್ತಿರ ಬಂದಿತ್ತು. ಅವರು ವಾಪಸ್ ಬರೆದಿದ್ದಾರೆ: ‘ಕೇಬಲ್‌ನವರ ಹತ್ತಿರ ಪಿಪಿಪಿಓಇ ಇತ್ತು, ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ರೌಟರ್ ತಂದು ಹಾಕಿದೆವು. ಮ್ಯಾಕ್ ಬದಲಾಯಿಸೋಕೆ ಒಂದು ದಿನ ಓಡಾಡಿಸಿದರು. ಈಗ ಫೈರ್‌ವಾಲ್ ಆನ್ ಇದೆ, ನೆಟ್ ನಿಂತಿಲ್ಲ. ಆದರೆ ಪ್ರಿಂಟರ್ ಕಾಣೆಯಾಗಿದೆ!’

ಮೇಡಂ, ಪ್ರಿಂಟರನ್ನು ಮೊದಲು ಹೊಸ ರೌಟರಿನ ವೈಫೈಗೆ ಸೇರಿಸಿ, ಅದು ಇನ್ನೂ ಹಳೆಯ ಸೆಟ್ಟಿಂಗ್‌ನಲ್ಲೇ ಕೂತಿರಬಹುದು. ಆಮೇಲೂ ಕಾಣದಿದ್ದರೆ ವಿಂಡೋಸ್ ಹೊಸ ನೆಟ್‌ವರ್ಕ್ ಕಂಡು ಪಬ್ಲಿಕ್ ಅಂತ ಗುರುತು ಹಾಕಿಕೊಂಡಿದೆ. ಈಗ ನಡುವೆ ನಿಮ್ಮದೇ ರೌಟರ್ ಇದೆ, ಈ ಕಡೆ ಇರುವುದು ನಿಮ್ಮ ಮನೆಯವರು ಮಾತ್ರ. ಅದನ್ನು ಪ್ರೈವೇಟ್ ಮಾಡಿ. ಮೇಲೆ ನಾನು ಪಬ್ಲಿಕ್ ಇರಲಿ ಅಂದದ್ದು ವೈರ್ ನೇರ ಕಂಪ್ಯೂಟರಿಗೆ ಬರುತ್ತಿದ್ದಾಗಿನ ಮಾತು.